ಎರಡು ನುಡಿಯ ಬಯಲಲ್ಲಿ ಸೈಕಲ್

ಕೊಲ್ಹಾಪುರದಿಂದ ಇಚಲಕರಂಜಿ, ಅಲ್ಲಿಂದ ಕೃಷ್ಣೆಯ ದಂಡೆಗುಂಟ ಖಿದ್ರಾಪುರ, ದೂಧಗಂಗೆ ದಾಟಿ ಸದಲಗಾ, ನಿಪ್ಪಾಣಿ, ತವಂದಿ ಘಾಟು ಹಾಯ್ದು ಸಂಕೇಶ್ವರ, ಕೊನೆಗೆ ಹಿರಣ್ಯಕೇಶಿಯ ದಡದ ಗಡಹಿಂಗ್ಲಜ. ನಕಾಶೆಯಲ್ಲಿ ನೋಡಿದರೆ ಇದು ಸುತ್ತುಬಳಸಿನ ದಾರಿ. ಮೋಟಾರಿನವರು ಕೊಲ್ಹಾಪುರ ಬಿಟ್ಟು ಎರಡು ಗಂಟೆಯೊಳಗೆ ಗಡಹಿಂಗ್ಲಜ ಸೇರುತ್ತಾರೆ. ಅವರಿಗೆ ಈ ಸುತ್ತು ಬೇಕಿಲ್ಲ. ಸೈಕಲ್ಲಿನವರಿಗೆ ಮಾತ್ರ ಈ ಸುತ್ತೇ ಪ್ರಯಾಣ. ಈ ದಾರಿ ಮುಗಿದು ಊರು ಸೇರಿದ ಮೇಲೂ ಒಂದು ಪ್ರಶ್ನೆ ಬೆನ್ನು ಬಿಡುವುದಿಲ್ಲ. ಕನ್ನಡ ಪತ್ರಿಕೆ ಓದುವವರಿಗೆ ಈ ಸೀಮೆ ವರ್ಷದಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತದೆ: ಮಳೆಗಾಲದಲ್ಲಿ ಸೇತುವೆಗಳು ಮುಳುಗಿದಾಗ, ಚಳಿಗಾಲದಲ್ಲಿ ಗಡಿ ತಂಟೆ ಎದ್ದು ಬಸ್ಸುಗಳಿಗೆ ಮಸಿ ಬಳಿದಾಗ. ಪೆಡಲ್ ತುಳಿಯುತ್ತ ಹೋದವರಿಗೆ ಕಾಣುವ ನಾಡೇ ಬೇರೆ. ಎರಡರಲ್ಲಿ ಯಾವುದು ನಿಜ? ನನ್ನ ವಾದ ಇಷ್ಟು: ಈ ಗಡಿನಾಡು ಒಂದು ಗೆರೆಯಲ್ಲ, ಹತ್ತಾರು ಹರದಾರಿ ಅಗಲದ ಒಂದು ಪಟ್ಟೆ, ಆ ಅಗಲವನ್ನು ಅರಿಯಲು ಸೈಕಲ್ಲಿಗಿಂತ ಒಳ್ಳೆಯ ಸಾಧನವಿಲ್ಲ, ಹಾಗೆ ಅರಿತವರು ಆ ಪಟ್ಟೆಯನ್ನು ಉಳಿಸಿಕೊಳ್ಳಬೇಕೆಂದು ಕೇಳದೆ ಇರಲಾರರು.

ಸೈಕಲ್ ಪ್ರವಾಸವೆಂದೊಡನೆ ಓದಿದವರ ಮನಸ್ಸು ಫ್ರಾನ್ಸಿನ ಹಳ್ಳಿಗಾಡಿಗೆ ಓಡುತ್ತದೆ. ಕಾಲುವೆಯ ದಂಡೆಯ ಸಾಲುಮರ, ದ್ರಾಕ್ಷಿ ತೋಟ, ಕಲ್ಲಿನ ಇಗರ್ಜಿ, ಬೆಳಗಿನ ರೊಟ್ಟಿಯಂಗಡಿ. ಆ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಸೈಕಲ್ ಪ್ರವಾಸಕ್ಕೆ ಒಂದು ಶಿಸ್ತನ್ನೂ ಒಂದು ದರ್ಶನವನ್ನೂ ಕೊಟ್ಟ ಪಾಲ್ ದ ವಿವಿ, ವೆಲೊಸಿಯೊ ಎಂಬ ಹೆಸರಿನಿಂದ ಖ್ಯಾತನಾದವನು, ಸೇಂತ್ ಎತಿಯೆನ್ ನಗರದಲ್ಲಿ 1887ರಲ್ಲಿ ಸೈಕಲ್ ಪತ್ರಿಕೆ ತೆಗೆದ. ಹಸಿಯುವ ಮುನ್ನ ತಿನ್ನು, ದಣಿಯುವ ಮುನ್ನ ವಿರಮಿಸು, ಜಂಬಕ್ಕಾಗಿ ತುಳಿಯಬೇಡ ಎಂಬುದು ಅವನ ಬೋಧೆಯ ತಿರುಳು. 1936ರಲ್ಲಿ ಅಲ್ಲಿನ ಪಾಪ್ಯುಲರ್ ಫ್ರಂಟ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯನ್ನು ಕಾಯ್ದೆ ಮಾಡಿದಾಗ, ಕಾರ್ಖಾನೆಯ ಹುಡುಗ ಹುಡುಗಿಯರು ಸೈಕಲ್ಲು ಹತ್ತಿ ತಮ್ಮದೇ ದೇಶವನ್ನು ಮೊದಲ ಬಾರಿಗೆ ನೋಡಲು ಹೊರಟರು. ಈ ಇತಿಹಾಸದಲ್ಲಿ ನಮಗೆ ಬೇಕಾದ ಪಾಠವಿದೆ. ಸೈಕಲ್ ಪ್ರವಾಸ ಅಲ್ಲಿ ದೊಡ್ಡದಾದದ್ದು ಅಲ್ಲಿಯ ನೆಲ ಚೆಲುವಾಗಿದ್ದುದರಿಂದಷ್ಟೇ ಅಲ್ಲ. ದುಡಿಯುವ ಜನ ತಮ್ಮ ನಾಡನ್ನು ತಾವೇ ನಿಧಾನವಾಗಿ ನೋಡಿ ತಿಳಿಯುವ ಹಕ್ಕು ಪಡೆದುಕೊಂಡದ್ದರಿಂದ. ಆ ಹಕ್ಕಿಗೆ ಫ್ರಾನ್ಸಿನ ಟಿಕೆಟ್ಟು ಬೇಕಿಲ್ಲ. ಪಂಚಗಂಗೆಯ ಬಯಲು ಸಾಕು.

ಕೊಲ್ಹಾಪುರದಲ್ಲಿ ದಿನ ಬೇಗ ಶುರುವಾಗುತ್ತದೆ. ಗಂಗಾವೇಶದ ಹಾಲಿನ ಕಟ್ಟೆಗೆ ಎಮ್ಮೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ನೊರೆಹಾಲು ಕೊಡುವ ರೂಢಿ ಇನ್ನೂ ನಿಂತಿಲ್ಲ. ತಾಲೀಮುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡ ಹುಡುಗರು, ಅಂಬಾಬಾಯಿಯ ಗುಡಿಯ ದಾರಿಯಲ್ಲಿ ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಇಳಕಲ್ ಸೀರೆಯ ಹೆಂಗಸರು. ಇಲ್ಲಿ ಕನ್ನಡ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಯಾಕೆಂದರೆ ಅದು ಇಲ್ಲಿ ಬಹಳ ಹಳೆಯದು. ಈ ಸೀಮೆಯನ್ನಾಳಿದ ಶಿಲಾಹಾರರ ಶಾಸನಗಳು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಇವೆ. ಅವುಗಳನ್ನು ಊರೂರು ತಿರುಗಿ ಓದಿ 1939ರಲ್ಲಿ ಪುಸ್ತಕ ಮಾಡಿದ ಕೆ.ಜಿ. ಕುಂದಣಗಾರರು ಇಲ್ಲಿಯ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರು. 1961ರ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅದೇ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಕಲಿಸಿದ ಆ.ನೇ. ಉಪಾಧ್ಯೆ 1967ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷರು. ವಿ.ಕೃ. ಗೋಕಾಕರು ಆ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಮರಾಠಿಯ ಹೆಮ್ಮೆಯ ನಗರವೊಂದರ ಕಾಲೇಜು ಕನ್ನಡದ ಮೂವರು ಹಿರಿಯರಿಗೆ ನೆಲೆಯಾಗಿತ್ತು ಎಂಬುದನ್ನು ಎರಡೂ ಕಡೆಯವರು ಮರೆತಿದ್ದಾರೆ. ಆ ನೆನಪು ಶಾಹು ಮಹಾರಾಜರ ನೆನಪಿನ ಜೊತೆ ಇರಬೇಕಾದದ್ದು. 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಮೀಸಲಿಟ್ಟ ದೊರೆ ಅವರು. ವಿದ್ಯೆಗೆ ಬಾಗಿಲು ತೆರೆದ ಊರಿನಲ್ಲಿ ವಿದ್ವಾಂಸರ ನುಡಿ ಯಾವುದೆಂದು ಯಾರೂ ಕೇಳಲಿಲ್ಲ.

ನಗರ ದಾಟಿ ಪಂಚಗಂಗೆಯ ಬಲಕ್ಕೋ ಎಡಕ್ಕೋ ಹಳ್ಳಿಯ ದಾರಿ ಹಿಡಿದರೆ ನೆಲ ಅಂಗೈಯಂತೆ ಸಮತಟ್ಟು. ಎರಡೂ ಕಡೆ ಕಬ್ಬು. ಚಳಿಗಾಲದಲ್ಲಿ ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವವರ ಗುಡಿಸಲುಗಳು ಹೊಲದ ಬದಿಗೆ ಸಾಲಾಗಿ ಏಳುತ್ತವೆ. ಸಾಲು ಎತ್ತಿನ ಗಾಡಿಗಳು, ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಹೊರಡುತ್ತವೆ. ಆಲೆಮನೆಗಳಿಂದ ಬೆಲ್ಲದ ವಾಸನೆ ಬರುತ್ತದೆ. ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತು, ಎಲೆಯ ಮೇಲೆ ಬಿಸಿ ಕಾಕಂಬಿ ಹಾಕಿಸಿಕೊಂಡು ನೆಕ್ಕುವ ಸುಖಕ್ಕೆ ಯಾವ ಗುರುತೂ ಬೇಕಿಲ್ಲ. ರುಕಡಿಯ ಬಳಿ ದಾರಿ ತಿರುಗಿದರೆ ಮಾಣಗಾವ್. 1920ರ ಮಾರ್ಚ್ 21 ಮತ್ತು 22ರಂದು ಅಸ್ಪೃಶ್ಯರ ಪರಿಷತ್ತು ಇಲ್ಲಿಯೇ ನಡೆಯಿತು. ಅಧ್ಯಕ್ಷ ಪೀಠದಲ್ಲಿ 28 ವರ್ಷದ ಭೀಮರಾವ್ ಅಂಬೇಡ್ಕರ್. ಸಭೆಗೆ ಬಂದ ಶಾಹು ಮಹಾರಾಜರು ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆಂದು ಆ ಜನಕ್ಕೆ ಸಾರಿದರು. ಭಾರತದ ಚರಿತ್ರೆಯ ದಿಕ್ಕು ಬದಲಿಸಿದ ಸಭೆ ಒಂದು ಕಬ್ಬಿನ ಹಳ್ಳಿಯಲ್ಲಿ ಕೂಡಿತು ಎಂಬುದು ಹೆದ್ದಾರಿಯ ಮೇಲೆ ಹೋಗುವವರಿಗೆ ತಿಳಿಯುವ ಬಗೆಯಿಲ್ಲ. ಸೈಕಲ್ಲಿನವರು ನೀರು ಕುಡಿಯಲಾದರೂ ಇಂಥ ಹಳ್ಳಿಯಲ್ಲಿ ನಿಲ್ಲುತ್ತಾರೆ. ನಿಂತಲ್ಲಿ ಕೇಳಬೇಕಾಗುತ್ತದೆ, ಕೇಳಿದರೆ ಹೇಳುವವರು ಸಿಗುತ್ತಾರೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಮೈಲಿಗಟ್ಟಲೆ ಕಬ್ಬು, ಮುಂದೆ ಮಗ್ಗದ ಸದ್ದಿನ ಊರು. ಇದರಲ್ಲಿ ನೋಡಲು ಏನಿದೆ? ಇಚಲಕರಂಜಿ ಅಂಚೆಚೀಟಿಯ ಚೆಲುವಿನ ಊರಲ್ಲ ನಿಜ. 2011ರ ಜನಗಣತಿಯಲ್ಲಿಯೇ 2.87 ಲಕ್ಷ ಜನರಿದ್ದ, 2022ರಲ್ಲಿ ಮಹಾನಗರಪಾಲಿಕೆಯಾದ, ಗಲ್ಲಿಗಲ್ಲಿಯಲ್ಲೂ ಲಾಳಿ ಬಡಿಯುವ ಪಟ್ಟಣ ಅದು. ಆದರೆ 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದ್ದು, ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರು ಅದಕ್ಕೆ ಬೆಂಬಲವಾಗಿ ನಿಂತದ್ದು, ಸಣ್ಣ ಸಣ್ಣ ಮಾಲೀಕರ ಕೈಯಲ್ಲೇ ಈ ಉದ್ಯಮ ಹಬ್ಬಿದ್ದು ನೋಡಬೇಕಾದ ಸಂಗತಿಯೇ. ಸೈಕಲ್ ಪ್ರವಾಸದ ಗುರು ವೆಲೊಸಿಯೊ ಕೂಡ ರೇಷ್ಮೆ ವ್ಯಾಪಾರದಿಂದ ಬಂದವನು. ಅವನ ಸೇಂತ್ ಎತಿಯೆನ್ ಕಲ್ಲಿದ್ದಲು, ಬಂದೂಕು ಮತ್ತು ರಿಬ್ಬನ್ ನೇಯ್ಗೆಯ ಊರು, ಹೊಗೆ ತುಂಬಿದ ಊರು. ಹಸಿರು ಹಳ್ಳಿಗಾಡಿನ ಪ್ರವಾಸ ಹುಟ್ಟಿದ್ದು ಹಸಿರಿನಲ್ಲಿ ಅಲ್ಲ, ಮಗ್ಗದ ಸದ್ದಿನ ಪಕ್ಕದಲ್ಲಿ. ಇಚಲಕರಂಜಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಊಟದ ಡಬ್ಬಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುವವರನ್ನು ನೋಡಿದರೆ ಈ ನಂಟು ತಾನಾಗಿ ಹೊಳೆಯುತ್ತದೆ. ಬಣ್ಣ ಹಾಕುವ ಘಟಕಗಳ ನೀರು ಸೇರಿ ಪಂಚಗಂಗೆ ಕಪ್ಪಾಗಿರುವುದೂ ಸೈಕಲ್ಲಿನವರ ಮೂಗಿಗೆ ತಪ್ಪುವುದಿಲ್ಲ. ಕಾರಿನ ಗಾಜು ಏರಿಸಿದವರು ಆ ವಾಸನೆಯಿಂದ ಪಾರಾಗಬಹುದು, ನದಿಯ ದುಃಖದಿಂದಲೂ ಪಾರಾಗುತ್ತಾರೆ. ನಾಡನ್ನು ನೋಡುವುದೆಂದರೆ ಅದರ ಚೆಲುವನ್ನೂ ಗಾಯವನ್ನೂ ಕೂಡಿಯೇ ನೋಡುವುದು.

ಇಚಲಕರಂಜಿಯಿಂದ ಪೂರ್ವಕ್ಕೆ ಹೊರಟರೆ ಪಟವರ್ಧನರ ಹಳೆಯ ಸಂಸ್ಥಾನ ಕುರುಂದವಾಡ, ಅದರ ಎದುರಿಗೆ ಪಂಚಗಂಗೆ ಕೃಷ್ಣೆಯನ್ನು ಕೂಡುವ ನರಸೋಬಾವಾಡಿ. ನೃಸಿಂಹ ಸರಸ್ವತಿಗಳು ಇಲ್ಲಿ 12 ವರ್ಷ ಇದ್ದು, ಆಮೇಲೆ ನಮ್ಮ ಗಾಣಗಾಪುರಕ್ಕೆ ನಡೆದರೆಂದು ದತ್ತಭಕ್ತರ ನಂಬಿಕೆ. ಅದಕ್ಕಾಗಿಯೇ ಈ ಎರಡು ಕ್ಷೇತ್ರಗಳ ನಡುವೆ ಮರಾಠಿ, ಕನ್ನಡದ ಭಕ್ತರು ಶತಮಾನಗಳಿಂದ ಓಡಾಡುತ್ತಿದ್ದಾರೆ. ಘಾಟಿನ ಮೇಲಿನ ಅಂಗಡಿಗಳಲ್ಲಿ ಪೇಢೆ, ಬಾಸುಂದಿ, ಖವಾ ಮಾರುವವರು ಬಂದವರ ಮುಖ ನೋಡಿ ನುಡಿ ಬದಲಿಸುತ್ತಾರೆ, ಒಂದೇ ಉಸಿರಿನಲ್ಲಿ. ಮಳೆಗಾಲದಲ್ಲಿ ಹೊಳೆ ಏರಿ ಗರ್ಭಗುಡಿಯ ಪಾದುಕೆಗಳ ಮೇಲೆ ಹರಿಯುವುದನ್ನು ಇಲ್ಲಿ ಉತ್ಸವವೆಂದು ಕಾಣುತ್ತಾರೆ. 2005, 2019, 2021ರ ಮಹಾಪೂರಗಳು ಆ ಉತ್ಸವವನ್ನು ಸಂಕಟವಾಗಿಸಿದವು. ಶಿರೋಳ ತಾಲೂಕಿನ ಹಳ್ಳಿಗಳು ಮುಳುಗಿದಾಗ ಈ ದಡದವರು ಆಲಮಟ್ಟಿಯ ಹಿನ್ನೀರನ್ನು ದೂರಿದರು. ಚಿಕ್ಕೋಡಿ, ಅಥಣಿಯವರು ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರನ್ನು ದೂರಿದರು. ಗೋಡೆಗಳ ಮೇಲೆ ಉಳಿದ ನೀರಿನ ಗುರುತು ಮಾತ್ರ ಎರಡೂ ರಾಜ್ಯದ ಹಳ್ಳಿಗಳಲ್ಲಿ ಒಂದೇ ಎತ್ತರಕ್ಕಿದೆ.

ಕೃಷ್ಣೆಯ ಬಲದಂಡೆಯ ಕೊನೆಯಲ್ಲಿ ಖಿದ್ರಾಪುರ. ಈ ದಾರಿಯಲ್ಲಿ ಒಂದೇ ಕಡೆ ಅರ್ಧ ದಿನ ನಿಲ್ಲುವುದಾದರೆ ಇಲ್ಲಿ ನಿಲ್ಲಬೇಕು. ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯ ಮುಂದೆ ಸ್ವರ್ಗಮಂಟಪವಿದೆ: 48 ಕಂಬಗಳು, ನಡುವೆ ಮೇಲ್ಛಾವಣಿಯಿಲ್ಲದೆ ದುಂಡಗೆ ಬಿಟ್ಟ ಆಕಾಶ. ಗುಡಿಯ ತಳದಲ್ಲಿ ಸಾಲಾನೆಗಳು ಇಡೀ ಕಟ್ಟಡವನ್ನು ಹೊತ್ತು ನಿಂತಿವೆ. ಗರ್ಭಗುಡಿಯಲ್ಲಿ ಶಿವನ ಜೊತೆ ವಿಷ್ಣುವೂ ಲಿಂಗರೂಪದಲ್ಲಿದ್ದಾನೆ. ದಕ್ಷಿಣ ಬಾಗಿಲ ಬಳಿ ಸೇವುಣ ದೊರೆ ಸಿಂಘಣನ 13ನೆಯ ಶತಮಾನದ ಸಂಸ್ಕೃತ ಶಾಸನ ದೇವನಾಗರಿಯಲ್ಲಿದ್ದರೆ, ಒಳಗಿನ ಕಲ್ಲುಗಳಲ್ಲಿ ಹಳಗನ್ನಡದ ಶಾಸನಗಳಿವೆ. ಶಿವಾಲಯಕ್ಕೆ ಇರಬೇಕಾದ ನಂದಿ ಮಾತ್ರ ಇಲ್ಲಿಲ್ಲ. ಆ ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿದ್ದಾನೆಂದು ಊರವರು ಹೇಳುತ್ತಾರೆ. ಯಡೂರಿನವರೂ ಹಾಗೆಯೇ ಹೇಳುತ್ತಾರೆ. ದೇವರು ಮಹಾರಾಷ್ಟ್ರದಲ್ಲಿ, ಅವನ ವಾಹನ ಕರ್ನಾಟಕದಲ್ಲಿ. ಈ ಐತಿಹ್ಯದಲ್ಲಿ ಚರಿತ್ರೆಯ ಸತ್ಯ ಎಷ್ಟಿದೆಯೆಂಬುದು ಮುಖ್ಯವಲ್ಲ. ಎರಡು ದಂಡೆಯ ಜನ ತಮ್ಮನ್ನು ಒಂದೇ ಗುಡಿಯ ಎರಡು ಭಾಗವೆಂದು ಕಂಡುಕೊಂಡಿದ್ದಾರೆ ಎಂಬುದೇ ಇಲ್ಲಿಯ ಸತ್ಯ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದೆಲ್ಲ ಭಾವುಕತೆ, ಗಡಿ ವಿವಾದ ಕಲ್ಪನೆಯಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. 1956ರ ರಾಜ್ಯ ಪುನರ್ವಿಂಗಡಣೆ ಬೆಳಗಾವಿ ಜಿಲ್ಲೆಯಿಂದ ಚಂದಗಡ ತಾಲೂಕನ್ನು ಬಿಡಿಸಿ ಮುಂಬಯಿ ರಾಜ್ಯದಲ್ಲಿ ಉಳಿಸಿತು, ಉಳಿದದ್ದನ್ನು ಮೈಸೂರಿಗೆ ಕೊಟ್ಟಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಅದನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಿಂದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಜಮೀನಿನ ಉತಾರೆ ಯಾವ ಭಾಷೆಯಲ್ಲಿ ಸಿಗುತ್ತದೆ, ಮಗಳ ಶಾಲೆ ಯಾವ ಮಾಧ್ಯಮದ್ದು, ನೌಕರಿಯ ಅರ್ಜಿಗೆ ಯಾವ ಪರೀಕ್ಷೆ ಎಂಬುವು ಹೊಟ್ಟೆಬಟ್ಟೆಯ ಪ್ರಶ್ನೆಗಳು. ಸೈಕಲ್ಲು ಇವುಗಳಿಗೆ ಉತ್ತರ ಕೊಡುತ್ತದೆಂದು ನಾನು ಹೇಳುತ್ತಿಲ್ಲ. ಸೈಕಲ್ಲು ಕೊಡುವುದು ಸಾಕ್ಷ್ಯವನ್ನು. ನ್ಯಾಯಾಲಯವೋ ಆಯೋಗವೋ ಕೊನೆಗೆ ಎಲ್ಲಿಯೇ ಗೆರೆ ಎಳೆದರೂ ಎರಡೂ ಬದಿಯಲ್ಲಿ ಇನ್ನೊಂದು ನುಡಿಯವರು ಉಳಿದೇ ಉಳಿಯುತ್ತಾರೆ, ಯಾಕೆಂದರೆ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಬಾಯಲ್ಲಿ, ಎರಡೂ ನುಡಿಗಳು ಬದುಕಿವೆ. ಗೆರೆಯ ಮೇಲಿನ ಜಗಳ ಆ ಬಾಯಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಆ ಸಾಕ್ಷ್ಯ ಅತಿ ಸ್ಪಷ್ಟವಾಗಿ ಸಿಗುವುದು ದತ್ತವಾಡದಿಂದ ಮಲಿಕವಾಡಕ್ಕೆ ದೂಧಗಂಗೆಯನ್ನು ದಾಟುವಲ್ಲಿ. ಮಲಿಕವಾಡ–ದತ್ತವಾಡ, ಕಲ್ಲೋಳ–ಯಡೂರ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ: ಈ ಜೋಡಿ ಹೆಸರುಗಳನ್ನು ಕನ್ನಡಿಗರು ಪ್ರತಿ ಜುಲೈನಲ್ಲಿ ಮುಳುಗಿದ ಸೇತುವೆಗಳ ಪಟ್ಟಿಯಲ್ಲಿ ಓದುತ್ತಾರೆ. ಮಳೆ ನಿಂತು ನೀರು ಇಳಿದ ಮೇಲೆ ಇವೇ ಈ ಸೀಮೆಯ ಅತಿ ಸುಂದರ ಸೈಕಲ್ ದಾರಿಗಳು. ಇವುಗಳಲ್ಲಿ ಹಲವು ಬಂಧಾರ ಕಮ್ ಸೇತುವೆಗಳು, ಮಳೆ ಮುಗಿದಾಗ ಹಲಗೆ ಇಳಿಸಿ ನೀರು ತಡೆದು, ಮಳೆಗಾಲಕ್ಕೆ ಎತ್ತಿ ಹೊಳೆಯನ್ನು ಬಿಟ್ಟುಕೊಡುವ ಬಗೆಯವು. ಈ ಮಾದರಿಗೆ ಇಡೀ ದೇಶದಲ್ಲಿ ಕೊಲ್ಹಾಪುರದ ಹೆಸರೇ ಇದೆ; ಕರ್ನಾಟಕದ ನೀರಾವರಿ ಕಡತಗಳಲ್ಲಿಯೂ ಅದು ಕೆ.ಟಿ. (ಕೊಲ್ಹಾಪುರ ಟೈಪ್) ಬಂಧಾರ. ಒಂದು ಗಾಡಿ ಹಾಯುವಷ್ಟು ಅಗಲದ ದಾರಿ, ಒಂದು ಬದಿಗೆ ತುಂಬಿ ನಿಂತ ನೀರು, ಇನ್ನೊಂದು ಬದಿಗೆ ಬಂಡೆ ಮರಳು, ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು. ಮೇಲ್ಗಡೆ ಕಾಳಮ್ಮವಾಡಿಯಲ್ಲಿ ಇದೇ ಹೊಳೆಗೆ ಕಟ್ಟಿದ ಅಣೆಕಟ್ಟು ಎರಡೂ ರಾಜ್ಯಗಳ ಜಂಟಿ ಯೋಜನೆ. ದಾಟಿದ ಮೇಲೆ ರಾಜ್ಯ ಬದಲಾಗಿದೆ. ಅಂಗಡಿಯ ಫಲಕದ ಲಿಪಿ, ಬಸ್ಸಿನ ಬಣ್ಣ ಬದಲಾಗಿವೆ. ಕಬ್ಬು ಬದಲಾಗಿಲ್ಲ, ಬಸದಿಯ ಮಾನಸ್ತಂಭ ಬದಲಾಗಿಲ್ಲ, ಚಹಾದ ಅಂಗಡಿಯ ಮಾತು ಬದಲಾಗಿಲ್ಲ. ದತ್ತವಾಡದಲ್ಲಿ ಮರಾಠಿಯ ನಡುವೆ ಕನ್ನಡ ಇಣುಕುತ್ತಿತ್ತು, ಮಲಿಕವಾಡದಲ್ಲಿ ಕನ್ನಡದ ನಡುವೆ ಮರಾಠಿ ಇಣುಕುತ್ತದೆ.

ಸದಲಗಾ ಸಣ್ಣ ಪಟ್ಟಣ. ಪ್ರಾಕೃತ ಪಂಡಿತ ಉಪಾಧ್ಯೆ ಹುಟ್ಟಿದ್ದು ಇಲ್ಲಿ; ಹಿಂದಿಯಲ್ಲಿ ಮೂಕಮಾಟಿ ಮಹಾಕಾವ್ಯ ಬರೆದ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಕೆಲವೇ ಹರದಾರಿ ಮುಂದೆ ದೂಧಗಂಗೆ ವೇದಗಂಗೆಗಳು ಕೂಡುವ ಸೀಮೆಯ ಭೋಜ, 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರ ಊರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸದಿಯಲ್ಲಿ ಪ್ರಾಕೃತ ಕೇಳಿ ಬೆಳೆದವರಿಗೆ ನಾಲ್ಕನೆಯ ನುಡಿ ಭಾರವಾಗಲಿಲ್ಲ. ಊಟವೂ ಹೀಗೆಯೇ ಮೆಲ್ಲಗೆ ಬದಲಾಗುತ್ತ ಹೋಗುತ್ತದೆ. ಕೊಲ್ಹಾಪುರದ ಖಾನಾವಳಿಯ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಶಿರೋಳದ ಜೈನ ಹಳ್ಳಿಗಳಲ್ಲಿ ಮಾಯವಾಗಿ ಝುಣಕ, ಭಾಕರಿ, ಬದನೆಕಾಯಿ ಉಳಿಯುತ್ತವೆ; ನಿಪ್ಪಾಣಿಯತ್ತ ಬರುವಾಗ ಅದೇ ಭಾಕರಿ ತುಸು ತೆಳ್ಳಗಾಗಿ ಜೋಳದ ರೊಟ್ಟಿಯಾಗಿರುತ್ತದೆ, ಪಕ್ಕದಲ್ಲಿ ಶೇಂಗಾ ಹಿಂಡಿ, ಮಡಕಿ ಕಾಳಿನ ಪಲ್ಯ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಪಂಚಾಂಗ ಕೂಡ ಇದನ್ನೇ ಹೇಳುತ್ತದೆ. ಕೊಲ್ಹಾಪುರ ಜಿಲ್ಲೆಯ ಒಂದಷ್ಟು ಹಳ್ಳಿಗಳು ಎತ್ತುಗಳ ಹಬ್ಬ ಬೆಂದೂರವನ್ನು ಆಷಾಢದಲ್ಲಿ ಮಾಡಿದರೆ, ಇಚಲಕರಂಜಿ, ಶಿರೋಳ, ಗಡಹಿಂಗ್ಲಜದ ಕಡೆ ನಮ್ಮ ಕಾರ ಹುಣ್ಣಿಮೆಯ ದಿನವೇ ಮಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರೇ ಕರ್ನಾಟಕಿ ಬೆಂದೂರ. ಸವದತ್ತಿ ಯಲ್ಲಮ್ಮನಿಗೆ ಕೊಲ್ಹಾಪುರದಿಂದ ಬಸ್ಸುಗಟ್ಟಲೆ ಜನ ಹೋಗುತ್ತಾರೆ, ಚಿಂಚಲಿ ಮಾಯಕ್ಕನಿಗೆ ಎತ್ತಿನ ಗಾಡಿಗಳು ಹೋಗುತ್ತವೆ, ಜ್ಯೋತಿಬಾನ ಚೈತ್ರ ಜಾತ್ರೆಗೆ ಕರ್ನಾಟಕದ ಭಕ್ತರು ಬರುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಕೊಟ್ಟಾಗ ಅದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕಿತು. ಕಾನೂನು ಕೂಡ ಒಮ್ಮೆಯಾದರೂ ಪಟ್ಟೆಯನ್ನು ಪಟ್ಟೆಯೆಂದು ಒಪ್ಪಿಕೊಂಡ ಸಂದರ್ಭ ಅದು.

ಇಲ್ಲಿ ಫ್ರಾನ್ಸಿನ ಹಳ್ಳಿಗಾಡನ್ನು ಮತ್ತೊಮ್ಮೆ ನೆನೆಯಬೇಕು, ಈ ಸಲ ಮೆಚ್ಚುಗೆಯಿಂದಲ್ಲ. ಅದರ ಪ್ರಶಾಂತತೆಗೆ ಬೆಲೆ ತೆರಲಾಗಿದೆ. ಸುಮಾರು 35,000 ಕೊಮ್ಯೂನುಗಳ ಆ ದೇಶದಲ್ಲಿ ಹಳ್ಳಿಯ ಯುವಕರು ನಗರ ಸೇರಿ, ಎಷ್ಟೋ ಊರುಗಳಲ್ಲಿ ರೊಟ್ಟಿಯಂಗಡಿಯೂ ಮುಚ್ಚಿದೆ. ಅದಕ್ಕಿಂತ ದೊಡ್ಡ ಮೌನ ನುಡಿಗಳದ್ದು. 1891ರಲ್ಲಿ ಶುರುವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1200 ಕಿಲೋಮೀಟರಿನ ಸೈಕಲ್ ಯಾತ್ರೆಗೆ ಇತ್ತೀಚಿನ ವರ್ಷಗಳಲ್ಲಿ ಭಾರತದಿಂದಲೂ ನೂರಾರು ಸವಾರರು ಹೋಗುತ್ತಾರೆ. ಅದು ಬ್ರಿಟನಿ ಸೀಮೆಯನ್ನು ಹಾಯ್ದು ಹೋಗುತ್ತದೆ. ಕಳೆದ ಶತಮಾನದ ನಡುವಿನವರೆಗೂ ಹತ್ತು ಲಕ್ಷದಷ್ಟು ಜನ ಆಡುತ್ತಿದ್ದ ಬ್ರೆಟನ್ ನುಡಿ ಇಂದು ಹೆಚ್ಚಾಗಿ ಮುದುಕರ ಬಾಯಲ್ಲಿ ಉಳಿದಿದೆ. 1881–82ರ ಜೂಲ್ ಫೆರಿ ಕಾಯ್ದೆಗಳು ಎಲ್ಲ ಮಕ್ಕಳಿಗೆ ಉಚಿತ ಶಾಲೆ ಕೊಟ್ಟದ್ದು ದೊಡ್ಡ ಕೆಲಸ. ಆ ಶಾಲೆಗಳಲ್ಲಿ ಮನೆಯ ನುಡಿ ಆಡಿದ ಮಕ್ಕಳಿಗೆ ಶಿಕ್ಷೆ ಕೊಟ್ಟದ್ದು ದೊಡ್ಡ ಅನ್ಯಾಯ. ಈಗ ಅಲ್ಲಿ ಊರಿನ ಫಲಕಗಳು ಎರಡು ನುಡಿಯಲ್ಲಿವೆ, ಮಾತು ಒಂದೇ ನುಡಿಯಲ್ಲಿದೆ. ನಮ್ಮ ಗಡಿಯಲ್ಲಿ ಇದು ತಿರುಗುಮುರುಗು: ಫಲಕ ಒಂದೇ ನುಡಿಯಲ್ಲಿದೆ, ಮಾತು ಎರಡರಲ್ಲಿದೆ. ಸೈಕಲ್ ದಾರಿಗಳ ವಿಷಯದಲ್ಲಿ ನಾವು ಫ್ರಾನ್ಸಿನಿಂದ ಕಲಿಯಬೇಕಾದದ್ದು ಬಹಳ; ಹಳ್ಳಿಯ ನುಡಿಗಳ ವಿಷಯದಲ್ಲಿ ಅದರಿಂದ ಎಚ್ಚರಿಕೆ ಪಡೆಯಬೇಕು.

ನಿಪ್ಪಾಣಿ ತಂಬಾಕಿನ ಊರು, ಬೀಡಿ ಕಟ್ಟುವ ಹೆಂಗಸರ ಊರು. ಅಲ್ಲಿಂದ ದಕ್ಷಿಣಕ್ಕೆ ಬಯಲು ಮುಗಿದು ತವಂದಿ ಘಾಟು ಏರಬೇಕು. ಈ ದಾರಿಯಲ್ಲಿ ಕಾಲಿಗೆ ನಿಜವಾದ ಪರೀಕ್ಷೆ ಇದೊಂದೇ, ಹೆದ್ದಾರಿಯ ಲಾರಿಗಳ ಜೊತೆ ಸ್ವಲ್ಪ ದೂರ ಹೋಗುವುದೂ ಇಲ್ಲಿ ತಪ್ಪದು. ಪಕ್ಕದ ಸ್ತವನಿಧಿ ಜೈನ ಕ್ಷೇತ್ರದಲ್ಲಿ ದಮ್ಮು ಆರಿಸಿಕೊಂಡು ಹಿಂತಿರುಗಿ ನೋಡಿದರೆ ದಾಟಿ ಬಂದ ಹಸಿರು ಬಯಲೆಲ್ಲ ಕೆಳಗೆ ಹಾಸಿರುತ್ತದೆ. ಎಲ್ಲಿಯವರೆಗೆ ಒಂದು ರಾಜ್ಯ, ಎಲ್ಲಿಂದ ಇನ್ನೊಂದು ಎಂದು ಮೇಲಿಂದ ಹೇಳಲಾಗದು. ಇಳಿದರೆ ಸಂಕೇಶ್ವರ, ಕರವೀರ ಪೀಠದ ಶಂಕರಾಚಾರ್ಯ ಮಠದ ಊರು, ಕರವೀರವೆಂದರೆ ಕೊಲ್ಹಾಪುರವೇ. ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಘಾಟು. ಇಲ್ಲಿಂದ ಪಶ್ಚಿಮಕ್ಕೆ ತಿರುಗಿ ಹಿರಣ್ಯಕೇಶಿಯ ದಂಡೆ ಹಿಡಿದರೆ ಮತ್ತೆ ಮಹಾರಾಷ್ಟ್ರ, ಗಡಹಿಂಗ್ಲಜ. ಹೊಳೆ ಅಂಬೋಲಿಯಲ್ಲಿ ಹುಟ್ಟಿ ಆಜರೆ, ಗಡಹಿಂಗ್ಲಜ, ಸಂಕೇಶ್ವರ ಮುಟ್ಟಿ ಘಟಪ್ರಭೆಗೆ ಸೇರುತ್ತದೆ. ಅದೇ ಮೆಣಸಿನಕಾಯಿ ಎರಡೂ ಪೇಟೆಗಳಲ್ಲಿ ರಾಶಿ ಬೀಳುತ್ತದೆ. ಗಡಹಿಂಗ್ಲಜದ ಪೇಟೆಗೆ ನೂಲ, ಹಲಕರ್ಣಿ, ಹೆಬ್ಬಾಳ, ಮುತ್ನಾಳದಿಂದ ಬಂದವರು ಅಂಗಡಿಯವನ ಜೊತೆ ಮರಾಠಿಯಲ್ಲಿ ದರ ಮಾಡಿ, ತಿರುಗಿ ಮನೆಯವರ ಜೊತೆ ಕನ್ನಡದಲ್ಲಿ ಸಲಹೆ ಕೇಳುತ್ತಾರೆ. ಊರಿನಾಚೆಯ ಸಾಮಾನಗಡ ಕೋಟೆಯಲ್ಲಿ ಸಿಕ್ಕ ತಾಮ್ರಶಾಸನ ಶಕ 675ರದು, ಎಂದರೆ ಕ್ರಿ.ಶ. 753–54, ಬಾದಾಮಿ ಚಾಲುಕ್ಯರನ್ನು ಗೆದ್ದು ರಾಷ್ಟ್ರಕೂಟ ರಾಜ್ಯ ಕಟ್ಟಿದ ದಂತಿದುರ್ಗನದು. ಅದೇ ಕೋಟೆಯಲ್ಲಿ 1844ರಲ್ಲಿ ಕೋಟೆ ಕಾಯುವ ಗಡಕರಿಗಳು ಬ್ರಿಟಿಷರ ವಿರುದ್ಧ ಎದ್ದರು. ಕನ್ನಡಿಗರು ತಮ್ಮದೆನ್ನುವ ಚರಿತ್ರೆಯೂ ಮರಾಠಿಗರು ತಮ್ಮದೆನ್ನುವ ಚರಿತ್ರೆಯೂ ಒಂದೇ ಬೆಟ್ಟದ ಮೇಲಿವೆ.

ಮೂರನೆಯ ಆಕ್ಷೇಪ ಸೈಕಲ್ಲಿನ ಬಗ್ಗೆಯೇ. ಬೆಲೆಬಾಳುವ ಸೈಕಲ್ಲು, ಹೆಲ್ಮೆಟ್ಟು ಕೊಳ್ಳಬಲ್ಲವರ ಹವ್ಯಾಸ ಇದು. ಕಬ್ಬಿನ ಟ್ರೇಲರುಗಳ ನಡುವೆ ಅಪಾಯವೂ ಹೌದು ಎಂಬ ಮಾತು. ಅಪಾಯದ ಮಾತು ಸರಿ. ಅದಕ್ಕೆ ಉತ್ತರ ಬೆಳಿಗ್ಗೆ ಬೇಗ ಹೊರಡುವುದು, ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿಯುವುದು, ಕತ್ತಲಾದ ಮೇಲೆ ತುಳಿಯದಿರುವುದು. ಅದಕ್ಕಿಂತ ಹೆಚ್ಚಾಗಿ ಟ್ರೇಲರುಗಳ ಹಿಂದೆ ದೀಪ, ಪ್ರತಿಫಲಕ ಕಡ್ಡಾಯ ಮಾಡುವುದು. ಅದು ಪ್ರವಾಸಿಗಿಂತ ಮೊದಲು ಮಗ್ಗದ ಪಾಳಿ ಮುಗಿಸಿ ರಾತ್ರಿ ಮನೆಗೆ ಹೋಗುವ ಕಾರ್ಮಿಕರ ಜೀವ ಉಳಿಸುತ್ತದೆ. ಶ್ರೀಮಂತರ ಹವ್ಯಾಸವೆಂಬ ಮಾತನ್ನು ಮಾತ್ರ ಒಪ್ಪಲಾಗದು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯ ಲಕ್ಷಾಂತರ ಹುಡುಗಿಯರು ಪೆಡಲ್ ತುಳಿಯಲು ಕಲಿತರು. ಆ ಸೈಕಲ್ಲೇ ಈ ದಾರಿಗೆ ಸಾಕು; ತವಂದಿ ಘಾಟು ಬಿಟ್ಟರೆ ನೆಲ ಅಷ್ಟು ಸಮತಟ್ಟು. ಫ್ರಾನ್ಸಿನ ಕಾರ್ಮಿಕರು 1936ರಲ್ಲಿ ಹೊರಟದ್ದೂ ಅಂಥ ಸೈಕಲ್ಲುಗಳ ಮೇಲೆಯೇ. ಕೊರತೆ ಇರುವುದು ಸೈಕಲ್ಲಿನದಲ್ಲ, ನಮ್ಮ ಪಕ್ಕದ ತಾಲೂಕು ನೋಡಲು ಯೋಗ್ಯವೆಂಬ ನಂಬಿಕೆಯದು.

ಕೊನೆಯ ಆಕ್ಷೇಪ ನನ್ನ ವಾದದ ಒಳಗಿನಿಂದಲೇ ಏಳುತ್ತದೆ, ಅದು ಎಲ್ಲಕ್ಕಿಂತ ಗಂಭೀರ. ಗಡಹಿಂಗ್ಲಜದ ಹಳ್ಳಿಯ ಕನ್ನಡ, ನಿಪ್ಪಾಣಿಯ ಹಳ್ಳಿಯ ಮರಾಠಿ ಸಹಜವಾಗಿ ಬದುಕಿವೆ ಎಂದು ಪ್ರವಾಸಿ ಸಂತೋಷಪಟ್ಟು ಹಿಂತಿರುಗಿದರೆ ಅವು ಉಳಿಯುವುದಿಲ್ಲ. ಶಾಲೆಯಿಲ್ಲದ ಮನೆನುಡಿ ಎರಡು ತಲೆಮಾರಿನಲ್ಲಿ ಏನಾಗುತ್ತದೆಂಬುದನ್ನು ಬ್ರಿಟನಿ ತೋರಿಸಿದೆ. ಕನ್ನಡ ಬಲ್ಲ ಅಜ್ಜಿ, ಕನ್ನಡ ಅರ್ಥವಾಗುವ ಮಗ, ಕನ್ನಡ ಅರ್ಥವಾಗದ ಮೊಮ್ಮಗಳು: ಈ ಇಳಿಜಾರು ಇಲ್ಲಿಯೂ ಶುರುವಾಗಬಹುದು, ಎರಡೂ ಕಡೆ ಇಂಗ್ಲಿಷ್ ಮಾಧ್ಯಮದ ಒತ್ತಡ ಬೇರೆ. ಆದ್ದರಿಂದ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಶಾಲೆ ಉಳಿಯಲಿ ಎಂದು ಕನ್ನಡಿಗರೂ, ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳಲ್ಲಿ ಕನ್ನಡ ಶಾಲೆ ಉಳಿಯಲಿ ಎಂದು ಮರಾಠಿಗರೂ ಕೇಳುವ ದಿನ ಬರಬೇಕು. ತನ್ನ ನುಡಿಗಾಗಿ ಮಾತ್ರ ಕೇಳುವವರ ಬೇಡಿಕೆಯನ್ನು ಸರ್ಕಾರಗಳು ಜಗಳವೆಂದು ಬದಿಗಿಡಬಹುದು. ಪಕ್ಕದವರ ನುಡಿಗಾಗಿ ಕೇಳುವವರನ್ನು ಬದಿಗಿಡುವುದು ಕಷ್ಟ.

ಹಾಗೆ ಕೇಳುವ ಮನಸ್ಸು ಭಾಷಣದಿಂದ ಹುಟ್ಟುವುದಿಲ್ಲ, ಪಕ್ಕದವರ ಜಗಲಿಯಲ್ಲಿ ಕೂತು ಬಂದದ್ದರಿಂದ ಹುಟ್ಟುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿಯ ಕಾಲೇಜು ಮಕ್ಕಳು ಮಳೆ ಮುಗಿದು ಬಂಧಾರಗಳ ಮೇಲೆ ದಾರಿ ತೆರೆದಾಗ ಸೈಕಲ್ಲು ಹತ್ತಿ ಖಿದ್ರಾಪುರಕ್ಕೆ, ಮಾಣಗಾವಿಗೆ, ಸಾಮಾನಗಡಕ್ಕೆ ಹೋಗಲಿ. ಕೊಲ್ಹಾಪುರ, ಇಚಲಕರಂಜಿಯ ಮಕ್ಕಳು ಯಡೂರಿಗೆ, ಸದಲಗೆಗೆ, ಸ್ತವನಿಧಿಗೆ ಬರಲಿ. ಜಿಲ್ಲಾಡಳಿತಗಳು ಈ ಹಳ್ಳಿದಾರಿಗಳ ತಿರುವುಗಳಲ್ಲಿ ಎರಡೂ ಲಿಪಿಯ ಫಲಕ ಹಾಕಲಿ, ಬಂಧಾರಗಳಿಗೆ ತಡೆಗೋಡೆ ಕಟ್ಟಲಿ. ಈ ಲೇಖನ ಓದುತ್ತಿರುವ ನಿಮ್ಮ ಮನೆಯ ಮೂಲೆಯಲ್ಲಿ ಸೈಕಲ್ಲೊಂದು ಇದ್ದರೆ ಅದರ ಗಾಲಿಗೆ ಗಾಳಿ ತುಂಬಿಸಿ. ದತ್ತವಾಡದ ಸೇತುವೆ ನವೆಂಬರಿನಿಂದ ಮೇ ತನಕ ತೆರೆದೇ ಇರುತ್ತದೆ.